ದೇವರಮನೆಯಿಂದ ಆಚೆ ಬಂದ ಮೇಲಿನ ಹತ್ತು ನಿಮಿಷ: ಭಕ್ತಿಯನ್ನು ದಿನದಿನದ ಬದುಕಿಗೆ ಇಳಿಸಿಕೊಳ್ಳುವ ಬಗೆ

ಹನುಮಂತನಗರದ ನಮ್ಮ ಹಳೆಯ ಮನೆಯಲ್ಲಿ ನಡೆದದ್ದು. ಒಂದು ಶನಿವಾರ ಬೆಳಿಗ್ಗೆ ವಿಷ್ಣುಸಹಸ್ರನಾಮ ಪೂರ್ತಿ ಹೇಳಿ, ಮಂಗಳಾರತಿ ಮಾಡಿ, ತೀರ್ಥ ತೆಗೆದುಕೊಂಡು ಆಚೆ ಬಂದೆ. ನಡುಮನೆಯಲ್ಲಿ ನನ್ನ ಆರು ವರ್ಷದ ಮಗ ಹಾಲಿನ ಲೋಟ ಬೀಳಿಸಿ ನಿಂತಿದ್ದ. ನಾನು ಕೂಗಿದ ಕೂಗಿಗೆ ಮಗು ಬೆಚ್ಚಿಬಿದ್ದಿತು. ಅಡುಗೆಮನೆಯಿಂದ ಬಂದ ಅಮ್ಮ ನೆಲ ಒರೆಸುತ್ತ, ತಲೆ ಎತ್ತದೆ ಕೇಳಿದಳು: "ಈಗ ತಾನೆ ಸಾವಿರ ನಾಮ ಹೇಳಿದ ಬಾಯಲ್ಲವೇನೋ ಅದು?"

ಅಮ್ಮ ಬೈಯಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿ ಅಚ್ಚರಿಯಾಗಿತ್ತು. ಅರ್ಧ ಗಂಟೆ ಕೂತು ಹೇಳಿದ ನಾಮಗಳು ದೇವರಮನೆಯ ಹೊಸ್ತಿಲು ದಾಟುವಷ್ಟೂ ನನ್ನ ಜೊತೆ ಬರಲಿಲ್ಲವಲ್ಲ ಎಂದು ಆ ದಿನವೆಲ್ಲ ನನಗೆ ಊಟ ರುಚಿಸಲಿಲ್ಲ. ಅಲ್ಲಿಂದ ಈಚೆಗೆ ಇಪ್ಪತ್ತೆರಡು ವರ್ಷ. ಗೀತೆ, ವಚನ, ದಾಸರ ಪದಗಳನ್ನು ಮತ್ತೆ ಮತ್ತೆ ಓದುತ್ತ, ತಿಳಿದವರನ್ನು ಕೇಳುತ್ತ, ಎಲೆಕ್ಟ್ರಾನಿಕ್ ಸಿಟಿಯ ಅಕೌಂಟ್ಸ್ ಕೆಲಸದ ನಡುವೆ ಮಾಡಿ ನೋಡಿ ಉಳಿಸಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮನೆ ಸೇರುವ ಬೆಂಗಳೂರಿನವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಮೊದಲು ದಾರಿಯ ಅಂದಾಜು

ಭಾಗವತದ ಏಳನೆಯ ಸ್ಕಂಧದಲ್ಲಿ ಹಿರಣ್ಯಕಶಿಪು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗುರುಗಳ ಹತ್ತಿರ ಕಲಿತದ್ದರಲ್ಲಿ ಒಳ್ಳೆಯದನ್ನು ಹೇಳು ಅನ್ನುತ್ತಾನೆ. ಪ್ರಹ್ಲಾದ ಒಂಬತ್ತು ಬಗೆಯ ಭಕ್ತಿಯನ್ನು ಹೇಳುತ್ತಾನೆ: ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ. ಈ ಪಟ್ಟಿ ನನಗೆ ಚಿಕ್ಕಂದಿನಿಂದ ಬಾಯಿಪಾಠ. ಆದರೂ ಒಂದು ಸಂಗತಿ ತುಂಬ ತಡವಾಗಿ ಕಣ್ಣಿಗೆ ಬಿತ್ತು. ಈ ಒಂಬತ್ತರಲ್ಲಿ ದೇವರಮನೆಯೋ ದೇವಸ್ಥಾನವೋ ಬೇಕು ಅನ್ನುವಂಥವು ಹೆಚ್ಚೆಂದರೆ ಎರಡು. ಉಳಿದವನ್ನು ಬಸ್ಸಿನಲ್ಲಿ, ಒಲೆಯ ಮುಂದೆ, ಆಫೀಸಿನ ಮೇಜಿನ ಹಿಂದೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾಡಬಹುದು. ನಾವು ಮಾತ್ರ ಅರ್ಚನೆಯೊಂದನ್ನೇ ಪೂರ್ತಿ ಭಕ್ತಿ ಎಂದುಕೊಂಡು, ಅದಕ್ಕೆ ಪುರುಸೊತ್ತಿಲ್ಲ ಎಂದು ಕೊರಗುತ್ತೇವೆ.

ಹಾಗಾಗಿ ಇಲ್ಲಿ ಪೂಜೆಯ ಭಾಗ ಚಿಕ್ಕದು, ಪೂಜೆ ಮುಗಿದ ಮೇಲಿನ ಭಾಗ ದೊಡ್ಡದು.

ಒಂದು ಹೆಸರನ್ನು ಹಿಡಿಯಿರಿ

ಕುಲದೇವರು ಮನೆತನದಿಂದ ಬರುತ್ತದೆ, ಇಷ್ಟದೇವರನ್ನು ಮನಸ್ಸು ಆರಿಸಿಕೊಳ್ಳುತ್ತದೆ. ಎರಡೂ ಒಂದೇ ಆಗಿದ್ದರೆ ಸಂತೋಷ, ಬೇರೆಯಾಗಿದ್ದರೆ ತಪ್ಪಲ್ಲ. ಕಷ್ಟ ಬಂದಾಗ ತಾನಾಗಿ ಬಾಯಿಗೆ ಬರುವ ಹೆಸರು ಯಾವುದು? ಅಯ್ಯೋ ರಾಮ, ಶಿವ ಶಿವ, ಅಮ್ಮಾ ತಾಯಿ, ಕೃಷ್ಣ ಕೃಷ್ಣ, ಗುರುರಾಯರೇ. ಅದೇ ನಿಮ್ಮ ಹೆಸರು. ಅದನ್ನೇ ಹಿಡಿದುಕೊಳ್ಳಿ.

ಕೆಲವು ಮಂತ್ರಗಳನ್ನು ಗುರುಮುಖದಿಂದ, ದೀಕ್ಷೆಯಿಂದ ಪಡೆಯುವ ಪದ್ಧತಿ ಇದೆ. ಅದಕ್ಕೆ ಗೌರವ ಕೊಡಬೇಕು. ನಾಮಸ್ಮರಣೆಗೆ ಅಂಥ ಕಟ್ಟಿಲ್ಲ. ಹೆಣ್ಣುಮಕ್ಕಳು ತಿಂಗಳ ದಿನಗಳಲ್ಲಿ ಹೇಳಬಹುದೇ, ಸೂತಕದಲ್ಲಿ ಹೇಳಬಹುದೇ ಎಂದು ಕೇಳುತ್ತಾರೆ. ದೀಪ ಹಚ್ಚುವುದನ್ನೂ ಪೂಜೆಯನ್ನೂ ನಿಮ್ಮ ಮನೆಯ ರೂಢಿಯಂತೆ ಮಾಡಿ ಅಥವಾ ಬಿಡಿ. ಮನಸ್ಸಿನಲ್ಲಿ ಹೆಸರು ನೆನೆಯಲು ಯಾವ ದಿನದ ಅಡ್ಡಿಯೂ ಇಲ್ಲ.

ಒಂದು ವರ್ಷವಾದರೂ ಹೆಸರು ಬದಲಾಯಿಸಬೇಡಿ. ಈ ವಾರ ಒಂದು ಸ್ತೋತ್ರ ಶಕ್ತಿಶಾಲಿ, ಮುಂದಿನ ವಾರ ಇನ್ನೊಂದು ಬೀಜಮಂತ್ರ ಎಂದು ಮೊಬೈಲಿನಲ್ಲಿ ಬರುವುದನ್ನೆಲ್ಲ ಹಿಡಿದರೆ, ಹತ್ತು ಕಡೆ ಎರಡೆರಡು ಅಡಿ ಅಗೆದ ಬಾವಿಯ ಹಾಗೆ ಎಲ್ಲೂ ನೀರು ಸಿಗುವುದಿಲ್ಲ.

ಬೆಳಗಿನ ಹದಿನೈದು ನಿಮಿಷ

ಬ್ರಾಹ್ಮೀ ಮುಹೂರ್ತ ಅಂದರೆ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಮುಂಚೆ ಮುಗಿಯುವ ಹೊತ್ತು. ಒಂದು ಮುಹೂರ್ತಕ್ಕೆ ಎರಡು ಘಳಿಗೆ, ಒಂದು ಘಳಿಗೆಗೆ 24 ನಿಮಿಷ. ಬೆಂಗಳೂರಿನಲ್ಲಿ 6:15ಕ್ಕೆ ಸೂರ್ಯ ಹುಟ್ಟುವ ದಿನ ಅದು 4:39ರಿಂದ 5:27ರವರೆಗೆ ಬರುತ್ತದೆ. ಆಗ ಏಳಲು ಸಾಧ್ಯವಾದವರು ಪುಣ್ಯವಂತರು. ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ ಮನೆಗೆ ಬಂದವರು ಆ ಹೊತ್ತಿಗೆ ಏಳಲು ಹೋದರೆ ಮೂರನೆಯ ದಿನಕ್ಕೆ ಜಪದಲ್ಲೇ ತೂಕಡಿಸುತ್ತಾರೆ, ನಾಲ್ಕನೆಯ ದಿನ ಬಿಟ್ಟೇಬಿಡುತ್ತಾರೆ. ಊಟ, ನಿದ್ದೆ, ಎಚ್ಚರ ಎಲ್ಲ ಹಿತಮಿತವಾಗಿರುವವನಿಗೆ ಯೋಗ ದುಃಖ ಕಳೆಯುತ್ತದೆ ಎಂದು ಗೀತೆಯ ಆರನೆಯ ಅಧ್ಯಾಯವೇ ಹೇಳುತ್ತದೆ. ನೀವು ಏಳುವ ಹೊತ್ತಿಗೆ ಇಪ್ಪತ್ತು ನಿಮಿಷ ಮುಂಚೆ ಎದ್ದರೆ ಸಾಕು. ದಿನವೂ ಅದೇ ಹೊತ್ತಾಗಿರಲಿ, ಅದೇ ಜಾಗವಾಗಿರಲಿ.

ಎದ್ದ ತಕ್ಷಣ ಮೊಬೈಲು ಮುಟ್ಟಬೇಡಿ. ಅಲಾರಂಗೆ ನೂರೈವತ್ತು ಇನ್ನೂರು ರೂಪಾಯಿಯ ಸಣ್ಣ ಗಡಿಯಾರ ತಂದಿಟ್ಟುಕೊಳ್ಳಿ. ಈ ದಾರಿಯಲ್ಲಿ ನಾನು ಮಾಡಿದ ಖರ್ಚುಗಳಲ್ಲಿ ಇಷ್ಟು ಫಲ ಕೊಟ್ಟದ್ದು ಬೇರೆ ಇಲ್ಲ. ಅಂಗೈ ನೋಡಿಕೊಂಡು 'ಕರಾಗ್ರೇ ವಸತೇ ಲಕ್ಷ್ಮೀಃ' ಹೇಳಿ. ಕಾಲು ನೆಲಕ್ಕೆ ಊರುವ ಮುಂಚೆ, ನಿನ್ನ ಮೇಲೆ ಕಾಲಿಡುತ್ತೇನೆ ತಾಯಿ, ಕ್ಷಮಿಸು ಎಂದು ಭೂಮಿಯನ್ನು ಕೇಳಿಕೊಳ್ಳಿ. ಮೂರು ತಲೆಮಾರು ಹಿಂದೆ ಎಲ್ಲರಿಗೂ ಗೊತ್ತಿದ್ದ ಅಭ್ಯಾಸ. ಅರ್ಧ ನಿಮಿಷದ ಈ ಮಾತು ದಿನದ ದನಿಯನ್ನು ತಗ್ಗಿಸುತ್ತದೆ.

ದೇವರ ಜಾಗ ಫ್ಲ್ಯಾಟಿನ ಅಡುಗೆಮನೆಯ ಒಂದು ಹಲಗೆಯಾದರೂ ಆದೀತು. ಕೂತು ಮುಖ ಪೂರ್ವಕ್ಕೋ ಉತ್ತರಕ್ಕೋ ಬಂದರೆ ಒಳ್ಳೆಯದು. ಮದುವೆ, ಗೃಹಪ್ರವೇಶದಲ್ಲಿ ಬಂದ ಪಟಗಳನ್ನೆಲ್ಲ ಅಲ್ಲಿ ಒಟ್ಟಬೇಡಿ. ದಿನವೂ ಒರೆಸಿ ಇಡಲು ಆಗುವಷ್ಟನ್ನೇ ಇಟ್ಟುಕೊಳ್ಳಿ. ಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲಿ ಸೇವಂತಿಗೆ, ಕನಕಾಂಬರದ ಬೆಲೆ ಕೇಳಿ ಎದೆ ಒಡೆದುಕೊಳ್ಳುವ ಅಗತ್ಯವೂ ಇಲ್ಲ. 'ಪತ್ರಂ ಪುಷ್ಪಂ ಫಲಂ ತೋಯಂ' ಎಂದು ಕೃಷ್ಣ ಕೇಳಿದ್ದು ಒಂದು ಎಲೆ, ಒಂದು ಹೂ, ಒಂದು ಹಣ್ಣು, ಒಂದಿಷ್ಟು ನೀರು. ವಿಷ್ಣುವಿಗೆ ತುಳಸಿ, ಶಿವನಿಗೆ ಬಿಲ್ವ, ಗಣಪತಿಗೆ ಗರಿಕೆ. ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ, ಅದರ ಪಕ್ಕದ ಕುಂಡದಲ್ಲಿ ಒಂದು ಹಿಡಿ ಗರಿಕೆ ಬೆಳೆಸಿದರೆ ವರ್ಷಪೂರ್ತಿ ಕೊರತೆಯಿಲ್ಲ. ಇನ್ನೊಂದು ಮಾತು: ದೀಪ ಉರಿಯುತ್ತಿರುವಂತೆಯೇ ಬೀಗ ಹಾಕಿ ಆಫೀಸಿಗೆ ಹೊರಡಬೇಡಿ. ಹೂವಿನಿಂದ ದೀಪ ಶಾಂತ ಮಾಡಿ, ಕೈಮುಗಿದು ಹೊರಡಿ.

ಈಗ ಜಪ. ಮಾಲೆಯಲ್ಲಿ 108 ಮಣಿ, ಅದರ ಮೇಲೆ ಒಂದು ಮೇರುಮಣಿ. ವಿಷ್ಣುನಾಮಕ್ಕೆ ತುಳಸಿ, ಶಿವನಾಮಕ್ಕೆ ರುದ್ರಾಕ್ಷಿ, ದೇವಿಗೆ ಸ್ಫಟಿಕ ಎಂಬ ರೂಢಿಯಿದೆ. ಮಾಲೆಯನ್ನು ಬಲಗೈಯ ನಡುಬೆರಳಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ತೋರುಬೆರಳು ತಾಗದಿರಲಿ. ಮೇರು ಬಂದಾಗ ದಾಟದೆ ಮಾಲೆಯನ್ನು ತಿರುಗಿಸಿ ಹಿಂದಕ್ಕೆ ಬನ್ನಿ. ಸಮಾಧಾನವಾಗಿ ಹೇಳಿದರೆ ಚಿಕ್ಕ ನಾಮದ ಒಂದು ಸುತ್ತಿಗೆ ಐದಾರು ನಿಮಿಷ. ಮೊದಲ ವಾರ ಗಟ್ಟಿಯಾಗಿ ಹೇಳಿ, ಆಮೇಲೆ ತುಟಿ ಮಾತ್ರ ಅಲುಗುವಂತೆ, ಕೊನೆಗೆ ಮನಸ್ಸಿನಲ್ಲಿ. ಹಿರಿಯರು ಮನಸ್ಸಿನ ಜಪವನ್ನು ಎಲ್ಲಕ್ಕೂ ಮೇಲೆ ಇಟ್ಟಿದ್ದಾರೆ, ಆದರೆ ಹೊಸಬರು ಅಲ್ಲಿಂದಲೇ ಶುರು ಮಾಡಿದರೆ ಹತ್ತನೆಯ ಮಣಿಗೆ ಮನೆ ಬಾಡಿಗೆಯ ಯೋಚನೆಗೆ ಹೋಗಿರುತ್ತಾರೆ. ಮನಸ್ಸು ಓಡುವುದು ಸಹಜ. ಅದು ಎಲ್ಲೆಲ್ಲಿ ಓಡುತ್ತದೋ ಅಲ್ಲಲ್ಲಿಂದ ಹಿಡಿದು ತರಬೇಕು ಎಂದು ಗೀತೆ ಹೇಳಿದೆ. ಓಡಬಾರದು ಎಂದು ಹೇಳಿಲ್ಲ. ನೂರೆಂಟರಲ್ಲಿ ಅರವತ್ತು ಸಲ ಹಿಡಿದು ತಂದರೆ ಆ ಅರವತ್ತು ಸಲವೂ ಜಪವೇ.

ಸಂಖ್ಯೆ ಹೆಚ್ಚಿಸುವ ಆತುರ ಬೇಡ. ಮೂರು ತಿಂಗಳು ಒಂದೇ ಸುತ್ತು ಮಾಡಿ, ಕೆಲಸದ ಒತ್ತಡದ ದಿನವೂ ತಪ್ಪಲಿಲ್ಲ ಎಂದಾದರೆ ಮಾತ್ರ ಎರಡಕ್ಕೆ ಹೋಗಿ.

ಆ ಹತ್ತು ನಿಮಿಷ

ಈ ಬರಹದಲ್ಲಿ ಒಂದೇ ಒಂದು ಹೆಜ್ಜೆಯನ್ನು ಹಿಡಿಯುತ್ತೀರಿ ಅಂದರೆ ಇದನ್ನು ಹಿಡಿಯಿರಿ. ಬಿಸಿ ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ಎಷ್ಟು ಎಚ್ಚರವಾಗಿರುತ್ತೇವೋ ಅಷ್ಟು ಎಚ್ಚರದಿಂದ ಪೂಜೆಯಿಂದ ಏಳಬೇಕು. ಒಳಗೆ ಕೂತಷ್ಟು ಹೊತ್ತು ಮನಸ್ಸು ಮೆತ್ತಗಾಗಿರುತ್ತದೆ. ಮೆತ್ತಗಾದ ಮನಸ್ಸಿಗೆ ಪೆಟ್ಟೂ ಬೇಗ ತಾಗುತ್ತದೆ, ಸಿಟ್ಟೂ ಬೇಗ ಬರುತ್ತದೆ. ನನಗೆ ಆ ಶನಿವಾರ ಆದದ್ದು ಅದೇ. ಅಷ್ಟು ಹೊತ್ತು ಶಾಂತಿಯಲ್ಲಿ ಕೂತಿದ್ದೆ, ಹೊರಗಿನ ಸದ್ದು ನನ್ನ ಶಾಂತಿಯನ್ನು ಕಿತ್ತುಕೊಂಡಿತು ಎಂಬ ಸಂಕಟಕ್ಕೆ ಕೂಗಿದೆ. ಆ ಶಾಂತಿಯನ್ನು ನನ್ನ ಸ್ವತ್ತು ಎಂದುಕೊಂಡಿದ್ದೇ ತಪ್ಪು.

ನಾನು ಮಾಡುವುದು ಹೀಗೆ. ಹೊಸ್ತಿಲಲ್ಲಿ ಒಂದು ಉಸಿರಿನಷ್ಟು ನಿಲ್ಲುತ್ತೇನೆ. ಎಲ್ಲ ಜೀವಿಗಳ ಹೃದಯದಲ್ಲಿ ಈಶ್ವರನಿದ್ದಾನೆ ಎಂಬ ಗೀತೆಯ ಹದಿನೆಂಟನೆಯ ಅಧ್ಯಾಯದ ಮಾತನ್ನು ನೆನೆಯುತ್ತೇನೆ. ಮೊದಲು ಕಣ್ಣಿಗೆ ಬಿದ್ದವರಿಗೆ ಮನಸ್ಸಿನಲ್ಲೇ ನಮಸ್ಕಾರ: ಹೆಂಡತಿಯಿರಬಹುದು, ಮಗನಿರಬಹುದು, ಹಾಲಿನ ಪ್ಯಾಕೆಟ್ ಹಾಕಲು ಬಂದ ಹುಡುಗನಿರಬಹುದು. ಪ್ರಹ್ಲಾದ ಹೇಳಿದ ವಂದನ ಇಲ್ಲಿ ನಡೆಯುತ್ತದೆ. ಆಮೇಲೆ ಮೊದಲ ಮಾತು ಮೆಲ್ಲಗಿನದಾಗಿರಬೇಕು, ಮೊದಲ ಕೆಲಸ ಇನ್ನೊಬ್ಬರದಾಗಿರಬೇಕು. ಮಗುವಿನ ನೀರಿನ ಬಾಟಲಿ ತುಂಬಿಸಿ, ಹೆಂಡತಿಗೋ ಗಂಡನಿಗೋ ಕಾಫಿ ಬೆರೆಸಿ ಕೊಡಿ, ವಯಸ್ಸಾದ ಅಪ್ಪನ ಮಾತ್ರೆ ತೆಗೆದಿಡಿ. ಮೊಬೈಲು ಆ ಹತ್ತು ನಿಮಿಷ ಕಳೆದ ಮೇಲೆ.

ಹೀಗೆ ಮಾಡಿಯೂ ಸಿಟ್ಟು ಬಂದುಬಿಟ್ಟರೆ? ಒಳಗೆ ಹೋಗಿ ಇನ್ನೊಂದು ಸುತ್ತು ಜಪ ಮಾಡಬೇಡಿ. ಬೈಸಿಕೊಂಡವರ ಮುಂದೆ ಕೂತು 'ತಪ್ಪಾಯಿತು' ಅನ್ನಿ. ಮಗುವಾದರೂ ಸರಿ. ಅಂದು ಸಂಜೆ ನಾನು ಮಗನ ಹತ್ತಿರ ಕೇಳಿದೆ. ಅವನು ಅಷ್ಟರಲ್ಲಿ ಮರೆತೇಬಿಟ್ಟಿದ್ದ. ನನಗೆ ಹೇಳುವುದು ಅಗತ್ಯವಾಗಿತ್ತು.

ದಾರಿಯಲ್ಲಿ ಸ್ಮರಣೆ

ಈ ಊರು ನಮಗೆ ರಸ್ತೆಯ ಮೇಲೆ ಬೇಕಾದಷ್ಟು ಹೊತ್ತು ಕೊಟ್ಟಿದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಿಎಂಟಿಸಿ ಬಸ್ಸು ನಿಂತಾಗ ನಾನು ಎಷ್ಟೋ ವರ್ಷ ಸಂಕಟಪಟ್ಟಿದ್ದೇನೆ. ಈಗ ಅದು ನನ್ನ ಎರಡನೆಯ ಜಪದ ಹೊತ್ತು. ಬಸ್ಸಿನಲ್ಲಿ, ಮೆಟ್ರೋದಲ್ಲಿ ಮಾಲೆ ಬೇಕಿಲ್ಲ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಒಟ್ಟು ಹನ್ನೆರಡು. ಹೆಬ್ಬೆರಳಿನಿಂದ ಒಂದೊಂದೇ ಗೆಣ್ಣು ಮುಟ್ಟುತ್ತ ಹೋದರೆ ಒಂಬತ್ತು ಸುತ್ತಿಗೆ ನೂರೆಂಟು. ಶಾಸ್ತ್ರೋಕ್ತ ಕರಮಾಲೆಯ ಕ್ರಮ ಬೇರೆ ಇದೆ. ಇದು ದಾರಿಯ ಲೆಕ್ಕ. ಪಕ್ಕದಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಗಾಡಿ ಓಡಿಸುವವರು ಲೆಕ್ಕ ಹಿಡಿಯಬೇಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪ್ರವಚನವನ್ನೂ ಕೇಳಬೇಡಿ. ಕಣ್ಣು ರಸ್ತೆಯ ಮೇಲಿರಲಿ, ಕೆಂಪು ದೀಪ ಬಿದ್ದಾಗ ಒಂದು ಸಲ ಹೆಸರು ಹೇಳಿ. ಹಿಂದಿನವನು ಹಾರನ್ ಹೊಡೆದಾಗ ತಿರುಗಿ ನೋಡದಿರುವುದು ಕೂಡ ಒಂದು ತಪಸ್ಸು. ಅಡ್ಡ ಬಂದ ಆಟೋದವರಿಗೆ ದಾರಿ ಬಿಡಿ. ಅವರ ಅಂದಿನ ಬಾಡಿಗೆ ಇನ್ನೂ ಹುಟ್ಟಿರಲಿಕ್ಕಿಲ್ಲ.

ಆಫೀಸಿನಲ್ಲಿ ಮಾತಿನ ತಪಸ್ಸು

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ವಾಙ್ಮಯ ತಪಸ್ಸು ಎಂದು ಒಂದಿದೆ: 'ಅನುದ್ವೇಗಕರಂ ವಾಕ್ಯಂ ಸತ್ಯಂ ಪ್ರಿಯಹಿತಂ ಚ ಯತ್'. ಕೇಳಿದವರನ್ನು ಕಲಕದ, ನಿಜವಾದ, ಪ್ರಿಯವಾದ, ಹಿತವಾದ ಮಾತು. ಇಮೇಲ್ ಬರೆದ ಮೇಲೆ ಕಳಿಸುವ ಮುಂಚೆ ಈ ನಾಲ್ಕನ್ನೂ ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಸತ್ಯ ಸುಲಭ, ಹಿತವೂ ಸುಲಭ, ಎಡವುವುದು ಮೊದಲನೆಯದರಲ್ಲೇ. 'ನಾನು ಹಿಂದೆಯೇ ಹೇಳಿದ್ದೆನಲ್ಲ' ಎಂಬ ಸಾಲು ಸತ್ಯವಿರಬಹುದು, ಓದಿದವರ ಹೊಟ್ಟೆ ಮಾತ್ರ ಉರಿಯುತ್ತದೆ. ಆ ಸಾಲು ತೆಗೆದುಹಾಕಿದರೆ ಕೆಲಸಕ್ಕೆ ಯಾವ ನಷ್ಟವೂ ಇಲ್ಲ. ಮನೆಮಂದಿಯ ವಾಟ್ಸಾಪ್ ಗುಂಪಿಗೂ ಇದೇ ಅಳತೆ.

ಇನ್ನು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕೊಟ್ಟದ್ದು. ನಮಗೆಲ್ಲ ಶಾಲೆಯ ಗೋಡೆಯ ಮೇಲೆ ಕಂಡ ವಚನ ಅದು: ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ. ಎಣಿಸಿದರೆ ಏಳು, ವಾರಕ್ಕೂ ಏಳು ದಿನ. ಸೋಮವಾರ ಕಳಬೇಡ. ಆಫೀಸಿನ ಹೊತ್ತನ್ನು ಕದಿಯುವುದು, ಇನ್ನೊಬ್ಬರ ಕೆಲಸಕ್ಕೆ ನಮ್ಮ ಹೆಸರು ಹಾಕಿಕೊಳ್ಳುವುದು ಅದರಲ್ಲೇ ಬಂತು. ಮಂಗಳವಾರ ಕೊಲಬೇಡ. ಒಬ್ಬರ ಉತ್ಸಾಹವನ್ನು ಕೊಲ್ಲುವುದನ್ನೂ ಸೇರಿಸಿಕೊಳ್ಳಿ. ಬುಧವಾರ ಹುಸಿ ಬೇಡ. 'ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ' ಎಂದು ಮನೆಯ ಸೋಫಾದಿಂದ ಹೇಳುವುದಕ್ಕೆ ಅಂದು ರಜೆ. ಗುರುವಾರ ಮುನಿಸು ಬೇಡ, ಶುಕ್ರವಾರ ಅಸಹ್ಯ ಬೇಡ. ಶನಿವಾರದ್ದು ನನಗೆ ಬಲು ಕಷ್ಟ, ತನ್ನ ಬಣ್ಣಿಸಬೇಡ. ಒಂದಿಡೀ ದಿನ ನನ್ನ ಬಗ್ಗೆ ಒಂದೂ ಹೆಚ್ಚುಗಾರಿಕೆಯ ಮಾತಾಡದೆ ಇರಲು ನೋಡಿ, ನಾವು ದಿನಕ್ಕೆ ಎಷ್ಟು ಸಲ ಅದನ್ನೇ ಮಾಡುತ್ತಿದ್ದೇವೆಂದು ಗೊತ್ತಾಗುತ್ತದೆ. ಭಾನುವಾರ ನೆಂಟರಿಷ್ಟರು ಸೇರುವ ದಿನ, ಇದಿರ ಹಳಿಯದೆ ಇರುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಸಿಗಲಾರದು.

ಉಳಿದ ಆರನ್ನು ಆ ದಿನ ಬಿಟ್ಟುಬಿಡಿ ಎಂದಲ್ಲ. ಕಣ್ಣು ಒಂದರ ಮೇಲೆ ನೆಟ್ಟಿದ್ದರೆ ಹಿಡಿತ ಸಿಗುತ್ತದೆ.

ಕೆಲಸದ ವಿಷಯಕ್ಕೆ ಒಂದೇ ಮಾತು. ದಾಸ್ಯ ಅಂದರೆ ನನಗೆ ತಿಂಗಳ ಕೊನೆಯ ಲೆಕ್ಕವನ್ನು ಯಾರೂ ನೋಡದಿದ್ದರೂ ಸರಿಯಾಗಿ ತಾಳೆ ಹಾಕುವುದು. ಬಡ್ತಿ ಸಿಗದ ವರ್ಷವೂ ಹಾಗೆಯೇ ಮಾಡಿದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಲೆಕ್ಕದ ಪುಟವನ್ನು ಸಂಜೆ ಮನಸ್ಸಿನಲ್ಲೇ ದೇವರ ಪಾದಕ್ಕೆ ಇಟ್ಟು ಬರುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿತ್ತು.

ಅಡುಗೆಮನೆ, ಮತ್ತು ಆ ಬೇರೆ ಲೋಟ

ಬೆಳಗಿನ ಅಡುಗೆಯಲ್ಲಿ ಮೊದಲು ಒಂದು ಚಮಚ ತೆಗೆದು ದೇವರ ಮುಂದಿಟ್ಟು ಆಮೇಲೆ ಬಡಿಸುವ ಪದ್ಧತಿ ಹಲವು ಮನೆಗಳಲ್ಲಿ ಉಳಿದಿದೆ. ಇಲ್ಲದಿದ್ದರೆ ಶುರು ಮಾಡಿ. ಚಿತ್ರಾನ್ನವಾದರೂ ಸರಿ, ಉಪ್ಪಿಟ್ಟಾದರೂ ಸರಿ. ನೈವೇದ್ಯವಾದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಉಪ್ಪು ಕಡಿಮೆ ಎಂದು ಯಾರೂ ಮುಖ ಸಿಂಡರಿಸುವುದಿಲ್ಲ, ತಟ್ಟೆಯಲ್ಲಿ ಬಿಟ್ಟು ಏಳುವುದೂ ಇಲ್ಲ. ಆಫೀಸಿನಲ್ಲಿ ಡಬ್ಬಿ ತೆರೆದಾಗ, ದರ್ಶಿನಿಯಲ್ಲಿ ನಿಂತು ತಿನ್ನುವಾಗ ಒಂದು ತುತ್ತಿನಷ್ಟು ಹೊತ್ತು ಸುಮ್ಮನಿದ್ದು, ಬೆಳೆದವರನ್ನೂ ಬೇಯಿಸಿದವರನ್ನೂ ನೆನೆಯಿರಿ. ಹೊಟ್ಟೆಯಲ್ಲಿ ಅನ್ನ ಅರಗಿಸುವ ಬೆಂಕಿಯೂ ನಾನೇ ಎಂದು ಕೃಷ್ಣ ಹದಿನೈದನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಹಾಗಾದರೆ ಪ್ರತಿ ಊಟವೂ ಹೋಮ.

ಈಗ ಹೇಳಲೇಬೇಕಾದ ಒಂದು ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬರುವ ಹೆಂಗಸಿಗೆ ಬೇರೆ ಲೋಟ, ಬೇರೆ ತಟ್ಟೆ ಇದೆ. ಸಿಂಕಿನ ಕೆಳಗೆ, ಕಿಟಕಿಯ ಸಂದಿಯಲ್ಲಿ ಇಟ್ಟಿರುತ್ತೇವೆ. ನಮ್ಮ ಮನೆಯಲ್ಲೂ ಇತ್ತು. ಒಳಗೆ ದೇವರಿಗೆ ಬೆಳ್ಳಿಯ ಬಟ್ಟಲು, ನಮ್ಮ ಪಾತ್ರೆ ತೊಳೆದು ನಮ್ಮ ಮಡಿ ಕಾಪಾಡುವವಳಿಗೆ ಅಂಚು ಸೊಟ್ಟಗಾದ ಲೋಟ. 'ಅನ್ಯರಿಗೆ ಅಸಹ್ಯಪಡಬೇಡ' ಎಂದು ಶುಕ್ರವಾರಕ್ಕೆ ಬರೆದುಕೊಂಡ ಮೊದಲ ತಿಂಗಳಲ್ಲೇ ಆ ಲೋಟ ನನ್ನ ಕಣ್ಣಿಗೆ ಚುಚ್ಚಿತು. ಅಮ್ಮನ ಹತ್ತಿರ ಹೇಳಲು ಹೆದರಿಕೆಯಿತ್ತು. ಹೇಳಿದೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾನೇ ನಮ್ಮೆಲ್ಲರ ಲೋಟಗಳಲ್ಲಿ ಒಂದಕ್ಕೆ ಕಾಫಿ ಬೆರೆಸಿ, "ತಗೊಳ್ಳಮ್ಮ, ಕೂತು ಕುಡಿ" ಎಂದು ಕೊಟ್ಟಳು. ಅಷ್ಟು ವರ್ಷದ ನನ್ನ ಪೂಜೆಯಲ್ಲಿ ಅಂಥ ನೈವೇದ್ಯವನ್ನು ನಾನು ಕಂಡಿರಲಿಲ್ಲ. ನಿಮ್ಮ ಮನೆಯಲ್ಲಿ ಆ ಲೋಟ ಇದ್ದರೆ, ಜಪದ ಎರಡನೆಯ ಸುತ್ತಿಗಿಂತ ಮುಂಚೆ ಇದನ್ನು ಮುಗಿಸಿ.

ವಾರಕ್ಕೊಮ್ಮೆ ದೇವಸ್ಥಾನ

ಜನಜಂಗುಳಿಯ ದಿನಕ್ಕಿಂತ ಸಾಮಾನ್ಯ ದಿನ ಹೋಗಿ. ಮಕರ ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರನಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಊರೇ ಸೇರುತ್ತದೆ. ಅದೇ ಗುಹೆಯಲ್ಲಿ ಒಂದು ಬುಧವಾರದ ಬೆಳಿಗ್ಗೆ ಕೂತರೆ ನಿಮ್ಮ ಉಸಿರು ನಿಮಗೇ ಕೇಳಿಸುತ್ತದೆ. ಕಾಡುಮಲ್ಲೇಶ್ವರ, ಹಲಸೂರಿನ ಸೋಮೇಶ್ವರ, ನಿಮ್ಮ ಬಡಾವಣೆಯ ಅರಳಿಕಟ್ಟೆ ಯಾವುದಾದರೂ ಆದೀತು. ಪ್ರದಕ್ಷಿಣೆ, ದರ್ಶನ, ತೀರ್ಥ ಆದ ಮೇಲೆ ಓಡಬೇಡಿ. ಪ್ರಾಂಗಣದಲ್ಲಿ ಐದು ನಿಮಿಷ ಕೂರುವ ಪದ್ಧತಿ ಹಿರಿಯರು ಸುಮ್ಮನೆ ಇಟ್ಟದ್ದಲ್ಲ. ಕಂಡ ಮೂರ್ತಿಯನ್ನು ಕಣ್ಣು ಮುಚ್ಚಿ ಇನ್ನೊಮ್ಮೆ ಕಾಣುವುದಕ್ಕೆ ಆ ಐದು ನಿಮಿಷ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡಬಸವಣ್ಣನ ಕಡಲೆಕಾಯಿ ಪರಿಷೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹೊಸ ಬೆಳೆಯನ್ನು ಮೊದಲು ಬಸವಣ್ಣನಿಗೆ ಒಪ್ಪಿಸುವ ರೈತನ ಭಕ್ತಿ ಅಲ್ಲಿ ಕಣ್ಣೆದುರಿಗೆ ಕಾಣುತ್ತದೆ. ಸೇರಿಗೆ ಹತ್ತು ರೂಪಾಯಿ ಚೌಕಾಸಿ ಮಾಡಬೇಡಿ.

ಶ್ರವಣಕ್ಕೂ ಈ ಊರಿನಲ್ಲಿ ಬರವಿಲ್ಲ. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠದ ಸಂಜೆಯ ಆರತಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಸಂಗೀತೋತ್ಸವ, ಬಡಾವಣೆ ಬಡಾವಣೆಯ ಭಜನಾ ಮಂಡಳಿಗಳು. ದನಿ ಚೆನ್ನಾಗಿಲ್ಲ ಎಂದು ಹಿಂದೆ ಕೂರಬೇಡಿ, ಭಜನೆಯಲ್ಲಿ ಒಂದು ದನಿ ಇನ್ನೊಂದನ್ನು ಹೊತ್ತುಕೊಳ್ಳುತ್ತದೆ.

ಓದಲು ಒಂದು ಬಾರಿಗೆ ಒಂದೇ ಪಠ್ಯ. ಗೀತೆಯ ಹನ್ನೆರಡನೆಯ ಅಧ್ಯಾಯ ಭಕ್ತಿಯೋಗ, ಇಪ್ಪತ್ತೇ ಶ್ಲೋಕ. ದಿನಕ್ಕೊಂದು ಎಂದರೆ ಇಪ್ಪತ್ತು ದಿನ. ಹದಿಮೂರನೆಯ ಶ್ಲೋಕದಿಂದ ಭಕ್ತ ಹೇಗಿರುತ್ತಾನೆ ಎಂಬ ಪಟ್ಟಿ ಶುರುವಾಗುತ್ತದೆ, ಅದರ ಮೊದಲ ಗುಣ ಯಾವ ಜೀವಿಯನ್ನೂ ದ್ವೇಷಿಸದವನು ಎಂಬುದು. ಎಷ್ಟು ಪೂಜೆ ಮಾಡುತ್ತಾನೆ ಎಂಬ ಮಾತು ಆ ಪಟ್ಟಿಯಲ್ಲಿ ಬರುವುದಿಲ್ಲ. ನಿಧಾನವಾಗಿ ಓದಿ.

ಉಪವಾಸ, ವ್ರತ, ಮತ್ತು ಎಚ್ಚರದ ಎರಡು ಮಾತು

ಏಕಾದಶಿ ತಿಂಗಳಿಗೆ ಎರಡು ಬಾರಿ ಬರುತ್ತದೆ. ನಿರ್ಜಲ ಮಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹಾಲು, ಹಣ್ಣು ತೆಗೆದುಕೊಂಡು ಅನ್ನ ಬಿಟ್ಟರೂ ಸಂಯಮವೇ. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ. ಬದಲಿಗೆ ಅಂದು ಟಿವಿ, ರೀಲ್ಸ್ ಬಿಡಿ, ಅದು ಹೊಟ್ಟೆ ಖಾಲಿ ಇಡುವುದಕ್ಕಿಂತ ಕಷ್ಟದ ಉಪವಾಸ.

ಕಷ್ಟದಲ್ಲಿರುವಾಗ ದೋಷ ಪರಿಹಾರ, ಸಾವಿರಾರು ರೂಪಾಯಿಯ ವಿಶೇಷ ಪೂಜೆ ಎಂದು ಫೋನಿನಲ್ಲಿ ಹೆದರಿಸುವವರು ಸಿಗುತ್ತಾರೆ. ಹೆದರಿಕೆ ಹುಟ್ಟಿಸಿ ದುಡ್ಡು ಕೇಳುವಲ್ಲಿ ಭಕ್ತಿ ಇಲ್ಲ, ಅಲ್ಲಿಂದ ಎದ್ದು ಬನ್ನಿ.

ರಾತ್ರಿಯ ಲೆಕ್ಕ

ಪುರಂದರದಾಸರು ದಾಸರಾಗುವ ಮುಂಚೆ ದೊಡ್ಡ ವ್ಯಾಪಾರಿಯಾಗಿದ್ದರು ಎಂದು ಸಂಪ್ರದಾಯ ಹೇಳುತ್ತದೆ. 'ಮನವ ಶೋಧಿಸಬೇಕು ನಿಚ್ಚ' ಎಂಬ ಅವರ ಪದದಲ್ಲಿ ದಿನದಿನದ ಪಾಪಪುಣ್ಯದ 'ವೆಚ್ಚ' ನೋಡಬೇಕು ಎಂದು ಬರುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಲ್ಲವರಿಗೆ ಮಾತ್ರ ಹೊಳೆಯುವ ಮಾತು ಅದು. ಲೆಕ್ಕ ಬರೆದೇ ಬದುಕಿದ ನನಗೆ ಈ ಪದ ಮನೆಯ ಭಾಷೆಯಲ್ಲಿ ಬುದ್ಧಿ ಹೇಳಿದ ಹಾಗೆ ಕೇಳಿಸಿತು.

ಒಂದು ಸಣ್ಣ ನೋಟುಬುಕ್ಕು ತಂದುಕೊಳ್ಳಿ. ಮಲಗುವ ಮುಂಚೆ ಐದು ನಿಮಿಷ. ತಾರೀಖು ಹಾಕಿ ಮೂರು ಸಾಲು ಬರೆಯಿರಿ. ಮೊದಲನೆಯದು ಜಮೆ: ಇಂದು ನನ್ನಿಂದ ಯಾರಿಗೆ ಏನು ಒಳ್ಳೆಯದಾಯಿತು. ಎರಡನೆಯದು ಖರ್ಚು: ಯಾರ ಮನಸ್ಸು ನೋಯಿಸಿದೆ, ಎಲ್ಲಿ ಸುಳ್ಳಾಡಿದೆ. 'ಸಿಟ್ಟು ಮಾಡಿಕೊಂಡೆ' ಎಂದು ಬರೆದರೆ ಸಾಲದು. 'ಮಧ್ಯಾಹ್ನ ಮೂರಕ್ಕೆ, ಹೊಸದಾಗಿ ಸೇರಿದ ಹುಡುಗನ ಮೇಲೆ, ಎಲ್ಲರ ಎದುರು' ಎಂದು ಬರೆಯಬೇಕು. ಮೂರನೆಯದು ಬಾಕಿ: ನಾಳೆ ಅದಕ್ಕೆ ಏನು ಮಾಡುತ್ತೇನೆ. ಅಷ್ಟೇ. ಆಮೇಲೆ ನೋಟುಬುಕ್ಕು ಮುಚ್ಚಿ, ಇದು ನಿನ್ನದು ಎಂದು ದೇವರಿಗೆ ಒಪ್ಪಿಸಿ ಮಲಗಿ. ಆತ್ಮನಿವೇದನ ಎಂಬ ದೊಡ್ಡ ಹೆಸರು ನನಗೆ ಅರ್ಥವಾದದ್ದು ಈ ಚಿಕ್ಕ ಕೆಲಸದಲ್ಲಿ.

ಒಂದು ತಿಂಗಳಾದ ಮೇಲೆ ಹಿಂದಿನ ಪುಟ ತಿರುಗಿಸಿ. ಒಂದೇ ಹೊತ್ತು, ಒಂದೇ ಮನುಷ್ಯ, ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಬಂದಿರುತ್ತದೆ. ನನ್ನದರಲ್ಲಿ ಹದಿನೇಳು ಸಲ ಬಂದದ್ದು ಸಂಜೆ ಏಳೂವರೆ, ಬಸ್ಸಿಳಿದು ಮನೆಗೆ ಬಂದ ಕೂಡಲೇ ಆಡಿದ ಮಾತು. ಕಾರಣ ಹುಡುಕಿದರೆ ಬರೀ ಹಸಿವು. ಬಸ್‌ಸ್ಟಾಪಿನ ಹತ್ತಿರ ಎರಡು ಬಾಳೆಹಣ್ಣು ತಿಂದು ಮನೆಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ಆ ಸಾಲು ನೋಟುಬುಕ್ಕಿನಿಂದ ಹೆಚ್ಚುಕಡಿಮೆ ಮಾಯವಾಯಿತು.

ಮನಸ್ಸು ಒಣಗಿದಾಗ, ದಿನ ತಪ್ಪಿದಾಗ

ಆರು ತಿಂಗಳು ವರ್ಷಕ್ಕೆ ಒಂದು ಹೊತ್ತು ಬರುತ್ತದೆ. ಹೆಸರು ಹೇಳಿದರೆ ಬರೀ ಸದ್ದು, ದೀಪ ಹಚ್ಚಿದರೆ ಬರೀ ಬೆಂಕಿ. ಅಮ್ಮ ತೀರಿಕೊಂಡ ವರ್ಷ ನನಗೆ ಹಾಗೆಯೇ ಆಯಿತು. ಆಗ ನಾನು ಏನನ್ನೂ ಹೆಚ್ಚಿಸಲಿಲ್ಲ. ಒಂದು ದೀಪ, ಹನ್ನೆರಡು ನಾಮ, ಅಷ್ಟನ್ನು ಮಾತ್ರ ಬಿಡಲಿಲ್ಲ. ಕನಕದಾಸರ 'ತಲ್ಲಣಿಸದಿರು ಕಂಡ್ಯ ತಾಳು ಮನವೇ' ಎಂಬ ಸಾಲನ್ನು ಹಾಡಲು ದನಿ ಬರದಿದ್ದಾಗ ಓದುತ್ತಿದ್ದೆ. ನಿದ್ದೆ, ಊಟ ವಾರಗಟ್ಟಲೆ ಸೇರದೆ ಬದುಕೇ ಬೇಡ ಅನ್ನಿಸಿದರೆ ಅದು ಭಕ್ತಿಯ ಕೊರತೆಯೇನಲ್ಲ, ತಡಮಾಡದೆ ವೈದ್ಯರ ಹತ್ತಿರ ಹೋಗಿ. ದೇವರು ಆ ಕೈಯಿಂದಲೂ ಕಾಯುತ್ತಾನೆ.

ಪ್ರಯಾಣ, ಜ್ವರ, ಕ್ವಾರ್ಟರ್ ಕೊನೆಯ ಕೆಲಸ ಎಂದು ನಾಲ್ಕು ದಿನ ತಪ್ಪಿದರೆ ಐದನೆಯ ದಿನ ಐದು ಸುತ್ತು ಜಪಕ್ಕೆ ಕೂರಬೇಡಿ. ಅಂಗಡಿಯ ಲೆಕ್ಕದಲ್ಲಿ ಹಿಂದಿನ ಬಾಕಿಯನ್ನು ಮುಂದಿನ ಪುಟಕ್ಕೆ ತರುತ್ತೇವೆ. ಈ ಲೆಕ್ಕದಲ್ಲಿ ತರುವುದಿಲ್ಲ. ಹಳೆಯ ಸಾಲಿನ ಕೆಳಗೆ ಒಂದು ಗೆರೆ ಎಳೆಯಿರಿ, ಅಂದಿನ ತಾರೀಖು ಬರೆಯಿರಿ, ದೀಪ ಹಚ್ಚಿ ಒಂದು ಸುತ್ತು ಹೇಳಿ, ಹೊಸ್ತಿಲಲ್ಲಿ ಒಂದು ಉಸಿರು ನಿಂತು ಆಚೆ ಬನ್ನಿ. ಹಾಲಿನ ಲೋಟ ಬಿದ್ದಿದ್ದರೆ ಒರೆಸುವ ಬಟ್ಟೆ ನೀವೇ ತನ್ನಿ.